ನಡೆಯುವ ಕಾಲು, ನಿಲ್ಲುವ ಕಾಲು

ಸೆಪ್ಟೆಂಬರ್ 2, ಮಂಗಳವಾರ

ಆ ಕಾಲು ಇವತ್ತು ಮತ್ತೆ ವಾಪಸ್ ಬಂತು. ಹೋದ ತಿಂಗಳು ಎರಡು ಸಲ ಬಂದಿತ್ತು, ಇದು ಮೂರನೆಯದು. ಇನ್ನು ಮುಂದೆ ಅದಕ್ಕೆ ಯಾರ ಸಹಾಯವೂ ಬೇಕಿಲ್ಲ, ನಮ್ಮ ವರ್ಕ್‌ಶಾಪಿಗೆ ತಾನೇ ನಡೆದುಕೊಂಡು ಬರುತ್ತದೆ.

ಕೃತಕ ಕಾಲು ಮಾಡುವುದರಲ್ಲಿ ನನ್ನದು ಪಳಗಿದ ಕೈ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಇಷ್ಟು ವರ್ಷ ಒಳಗಿನ ಕೋಣೆಯಲ್ಲಿ ಕೂತು ಮಾಡಿದ್ದೇ ಮಾಡಿದ್ದು. ಈ ವರ್ಷವಷ್ಟೇ ಯಜಮಾನರು ನನ್ನನ್ನು ಮುಂದಿನ ಕೋಣೆಗೆ ತಂದರು. ಇಲ್ಲಿ ಜನ ಬರುತ್ತಾರೆ, ಹೊಸ ಕಾಲು ಹಾಕಿಕೊಂಡು ಎರಡು ಕಂಬಿಗಳ ನಡುವೆ ನಡೆದು ತೋರಿಸುತ್ತಾರೆ, ಎಲ್ಲಿ ಹೆಚ್ಚುಕಡಿಮೆಯಾಗಿದೆ ಎಂದು ನೋಡಿ ನಾನು ಸರಿಮಾಡಬೇಕು. ಕಾಲಿನ ಜೊತೆ ಏಗುವುದು ಸುಲಭ, ಪಾಪ, ಅದು ಬಾಯಿ ಬಿಡುವುದಿಲ್ಲ. ಕಾಲು ಹಾಕಿಕೊಳ್ಳುವವರ ಜೊತೆ ಏಗುವುದೇ ದೊಡ್ಡ ಕೆಲಸ.

ಈ ಕಾಲಿನ ಒಡತಿ ಕೂದಲು ಕತ್ತರಿಸುವವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಮನಸ್ಸಿನಲ್ಲೇ ಸಲೂನಕ್ಕ ಎಂದು ಹೆಸರಿಟ್ಟಿದ್ದೇನೆ. ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಹಳೆಯ ಕೃತಕ ಕಾಲು ಸವೆದು ಬಿರುಕು ಬಿಟ್ಟಿತೆಂದು ನಮ್ಮಲ್ಲಿ ಹೊಸದು ಮಾಡಿಸಿಕೊಂಡರು. ಏನಾಯಿತು ಎಂದು ಕೇಳಿದೆ.

"ಬೆಳಿಗ್ಗೆ ಚೆನ್ನಾಗೇ ಇರುತ್ತೆ ಮೇಡಂ. ಮಧ್ಯಾಹ್ನ ಆಗೋ ಹೊತ್ತಿಗೆ ಉರಿಯೋಕೆ ಶುರು. ಹಳೇ ಕಾಲಲ್ಲಿ ಹೀಗಿರಲಿಲ್ಲ. ಅದು ಒಂಥರಾ ಗಟ್ಟಿ..."

ಹಳೇ ಕಾಲು, ಹಳೇ ಕಾಲು! ಬಂದವರದ್ದೆಲ್ಲ ಇದೇ ಹಾಡು. ಹೊಸದಕ್ಕೆ ಹೊಂದಿಕೊಳ್ಳಬೇಕಮ್ಮಾ ಎಂದು ಹೇಳಿ, ಕಾಲಿನ ತುದಿ ಒಳಗೆ ಕೂರುವ ಬಟ್ಟಲನ್ನು ಕೈಗೆತ್ತಿಕೊಂಡೆ. ಹೊರಬದಿಯಲ್ಲಿ ಚರ್ಮ ಕೆಂಪಾಗಿತ್ತು. ಬಟ್ಟಲಿನ ಆ ಜಾಗಕ್ಕೆ ಅರ ಹಾಕಿ ಉಜ್ಜಿದೆ, ಒಳಗಿನ ಮೆತ್ತೆ ಬದಲಿಸಿದೆ, ಪಟ್ಟಿಯನ್ನೂ ಒಂದು ತೂತು ಬಿಗಿಮಾಡಿದೆ. ಕಂಬಿಗಳ ನಡುವೆ ನಡೆಸಿದರೆ ಆಹಾ, ಏನು ನಡಿಗೆ! ಹಿಂದಿನಿಂದ ನೋಡಿದವರು ಯಾವ ಕಾಲು ಸ್ವಂತದ್ದು ಎಂದು ಪಣ ಕಟ್ಟಬೇಕು. ಪಾದ ನಾನೇ ಆರಿಸಿದ್ದು, ಸ್ಪ್ರಿಂಗಿನಂತೆ ಬಗ್ಗಿ ಮುಂದಕ್ಕೆ ತಳ್ಳುವ ಹೊಸ ಬಗೆಯದ್ದು.

ಹೊರಡುವಾಗ ಬಾಗಿಲಲ್ಲಿ ನಿಂತು, "ತಿಂಗಳ ಕೊನೆವರೆಗೆ ಕಾಯ್ತೀನಿ ಅಂದಿದ್ದಾರೆ ನಮ್ಮ ಓನರ್. ದಿನಪೂರ್ತಿ ನಿಲ್ಲೋಕೆ ಆಗಲಿಲ್ಲ ಅಂದ್ರೆ ನನ್ನ ಕುರ್ಚಿ ಬೇರೆಯವರಿಗೆ" ಎಂದರು. ಅದರ ಚಿಂತೆ ಬಿಡಿ ಎಂದೆ. ಇನ್ನು ಬರುವುದಿಲ್ಲ ಬಿಡಿ.

ಸೆಪ್ಟೆಂಬರ್ 4, ಗುರುವಾರ

ಬಚ್ಚಲ ಬಾಗಿಲು ತೆಗೆಯಲು ಆಗುತ್ತಿಲ್ಲ ಎಂದು ಅತ್ತೆ ನಿನ್ನೆಯಿಂದ ರಾಗ ಎಳೆಯುತ್ತಿದ್ದರು. ಇವತ್ತು ಬಂದವಳೇ ಬ್ಯಾಗು ಕೂಡ ಕೆಳಗಿಡದೆ ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟೆ. ಅತ್ತೆ ಏನೋ ಹೇಳಲು ಬಂದರು. "ಆಯ್ತಲ್ಲ ಅತ್ತೆ, ಇನ್ನು ಬೆರಳಲ್ಲಿ ತಳ್ಳಿದ್ರೆ ಸಾಕು" ಎಂದೆ.

"ಅಮ್ಮ ಏನೋ ಹೇಳ್ತಿದ್ದಾರೆ ಕಣೇ" ಎಂದರು ಇವರು, ಪೇಪರಿನ ಹಿಂದಿನಿಂದ. ಕೆಲಸವೇ ಮುಗಿದ ಮೇಲೆ ಹೇಳುವುದೇನು, ಕೇಳುವುದೇನು! ಈ ಮನೆಯಲ್ಲಿ ಎದ್ದು ಒಂದು ಕೆಲಸ ಮಾಡುವವಳು ನಾನು, ಕೂತು ವರದಿ ಓದುವವರು ಇವರು.

ಸೆಪ್ಟೆಂಬರ್ 9, ಮಂಗಳವಾರ

ಬಂತು. ಸಲೂನಕ್ಕ ಕಾಲನ್ನು ಚೀಲದಲ್ಲಿ ಹಾಕಿಕೊಂಡು ಊರುಗೋಲಿನ ಮೇಲೆ ಬಂದರು. ಈ ಸಲ ಒಂದು ಕಡೆ ಚರ್ಮ ಸುಲಿದಿತ್ತು. ನೋಡಿ ಪಾಪ ಎನಿಸಿತು. ಅಷ್ಟೇ ಬೇಗ ಕೋಪವೂ ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಗಾಯ ಒಣಗುವವರೆಗೆ ಹಾಕಬೇಡಿ ಎಂದು ಕಳಿಸಿದೆ.

ಯಜಮಾನರು ತಮ್ಮ ಮೇಜಿನ ಹತ್ತಿರ ಕರೆದರು. ಅವರು ದನಿ ಎತ್ತುವುದಿಲ್ಲ. ಎತ್ತಿದ್ದರೆ ನಾನೂ ಎತ್ತಬಹುದಿತ್ತು.

"ಹೋದ ಸಲ ಏನು ಮಾಡಿದೆಯಮ್ಮಾ?"

"ಬಟ್ಟಲು ಉಜ್ಜಿದೆ ಸರ್, ಮೆತ್ತೆ ಬದಲಿಸಿದೆ, ಪಟ್ಟಿ ಬಿಗಿ ಮಾಡಿದೆ."

"ಮೂರೂ ಒಟ್ಟಿಗೆ. ಅದರಲ್ಲಿ ಯಾವುದು ಒಳ್ಳೇದು ಮಾಡ್ತು, ಯಾವುದು ಕೆಡಿಸ್ತು?"

ನನಗೇನು ಗೊತ್ತು?

"ಈ ತಿಂಗಳೊಳಗೆ ಈ ಒಂದು ಕಾಲು ಸರಿಹೋಗಲಿ. ಆಗಲಿಲ್ಲ ಅಂದ್ರೆ ಮುಂದಿನ ಕೋಣೆಗೆ ಬೇರೆಯವರನ್ನ ನೋಡ್ತೀನಿ, ನೀನು ವಾಪಸ್ ಒಳಗೆ ಹೋಗು. ನಿನ್ನ ಕೈ ಕೆಲಸದ ಬಗ್ಗೆ ನನಗೆ ಎರಡು ಮಾತಿಲ್ಲ" ಎಂದರು. ಆ ಕೊನೆಯ ವಾಕ್ಯವೇ ನನಗೆ ಹೆಚ್ಚು ಉರಿಸಿದ್ದು.

ಒಳಗೆ ಪ್ಲಾಸ್ಟರಿನ ಅಚ್ಚು ತೆಗೆಯುವ ಸುಣ್ಣದಣ್ಣನ ಮುಂದೆ ಎಲ್ಲ ಕಾರಿಕೊಂಡೆ. ಅವರ ರೆಪ್ಪೆಯ ತನಕ ಬಿಳಿ ಪುಡಿ, ಅದಕ್ಕೇ ಆ ಹೆಸರು. ಎಲ್ಲ ಕೇಳಿ, "ನಿನಗೆ ಇಲ್ಲಿ ಏನಂತ ಕರೀತಾರೆ ಗೊತ್ತಾ?" ಎಂದರು. ಗೊತ್ತಿರಲಿಲ್ಲ. "ರೇಡಿಯೋ. ಬಾಯಿ ಇದೆ, ಕಿವಿ ಇಲ್ಲ."

ನಗಲಿಲ್ಲ ನಾನು. ಅವರೂ ಸ್ವಲ್ಪ ಹೊತ್ತಾದ ಮೇಲೆ ನಗುವುದು ನಿಲ್ಲಿಸಿದರು.

ಸೆಪ್ಟೆಂಬರ್ 10, ಬುಧವಾರ

ರೇಡಿಯೋ ಅಂತೆ ರೇಡಿಯೋ! ಇವರೆಲ್ಲ ಒಂದು ಕಾಲು ಮಾಡಿ ತೋರಿಸಲಿ, ಆಮೇಲೆ ಮಾತಾಡೋಣ.

ಬಚ್ಚಲ ಬಾಗಿಲು ಇನ್ನೂ ತೆಗೆಯಲಾಗುತ್ತಿಲ್ಲವಂತೆ. ಇದ್ದ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿದೆ, ಬಾಗಿಲ ಅಂಚನ್ನು ಉಜ್ಜುಗೊರಡು ಹಿಡಿದು ಕೆತ್ತಿದೆ. ಈಗ ಚಳಿಗಾಳಿ ಬೇಕಾದರೂ ಒಳಗೆ ಬರಬಹುದು, ಅಷ್ಟು ಸಂದಿ. ಅತ್ತೆ ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿಕೊಂಡರು.

ಸೆಪ್ಟೆಂಬರ್ 13, ಶನಿವಾರ

ಇವತ್ತು ಸಲೂನಿಗೇ ಹೋಗಿದ್ದೆ. ನಿನ್ನೆ ಇಡೀ ದಿನ ಯೋಚನೆ ಮಾಡಿ ನನಗೆ ಖಾತ್ರಿಯಾಗಿತ್ತು, ತಪ್ಪು ಕಾಲಿನದ್ದಲ್ಲ, ಇವರೇ ಏನೋ ಎಡವಟ್ಟು ಮಾಡುತ್ತಿದ್ದಾರೆ. ಕೈಯಾರೆ ಹಿಡಿಯೋಣ ಎಂದು ಹೇಳದೆ ಕೇಳದೆ ಹೋದೆ.

ಬಸ್ ನಿಲ್ದಾಣದ ಪಕ್ಕದಲ್ಲೇ ಅಂಗಡಿ. ಉದ್ದನೆಯ ಕನ್ನಡಿ, ಅದರ ಮುಂದೆ ಸಾಲಾಗಿ ಕುರ್ಚಿಗಳು, ನೆಲದ ಮೇಲೆ ಎಲ್ಲ ಬಣ್ಣದ ಕೂದಲು. ಸಲೂನಕ್ಕನದು ಕೊನೆಯ ಕುರ್ಚಿ. ಗಾಯ ಒಣಗಿತೆಂದು ಕಾಲು ಹಾಕಿಕೊಂಡು ನಿಂತಿದ್ದಾರೆ! ನನ್ನನ್ನು ನೋಡಿ ಗಾಬರಿಯಾದರು, ಆದರೆ ಕೈಯಲ್ಲಿ ಒಬ್ಬ ಹೆಂಗಸಿನ ಅರ್ಧ ತಲೆ. "ಕೂತಿರಿ ಮೇಡಂ, ಬಂದೆ" ಎಂದರು.

ಕಾಯುವವರ ಬೆಂಚಿನಲ್ಲಿ ಕೂತೆ. ಅಲ್ಲಿ ಕೂತವರಿಗೆ ಮಾತಾಡುವ ಹಕ್ಕಿಲ್ಲ ಎಂದು ಕಾಣುತ್ತದೆ, ಮಾತೆಲ್ಲ ಕುರ್ಚಿಯಲ್ಲಿ ಕೂತವರದ್ದು. ಆ ಹೆಂಗಸು ತನ್ನ ತಂಗಿಯ ಮನೆ ಕಟ್ಟಿಸಿದ ಕಥೆಯನ್ನು ಪಾಯದಿಂದ ತಾರಸಿಯವರೆಗೆ ಹೇಳಿದಳು. ಸಲೂನಕ್ಕ ಹೂಂ, ಆಮೇಲೆ, ಹೌದಾ ಎನ್ನುತ್ತ, ಕುರ್ಚಿ ಸುತ್ತ ತಿರುಗುತ್ತ, ಆಗಾಗ ಪೆಡಲ್ ಒತ್ತಿ ಕುರ್ಚಿ ಏರಿಸುತ್ತ ಕೆಲಸ ಮಾಡಿದರು. ನನಗೆ ಆಕಳಿಕೆ ಬಂತು. ಆಕಳಿಸುತ್ತ ಕೆಳಗೆ ನೋಡಿದವಳು ಎದ್ದು ನಿಂತೆ.

ಶೂ! ನಮ್ಮಲ್ಲಿಗೆ ಬರುವಾಗ ಹಾಕಿಕೊಂಡು ಬರುವುದು ಹಿಮ್ಮಡಿ ಎತ್ತರದ ಬೂಟು, ನಾನು ಕಾಲು ಹೊಂದಿಸಿದ್ದು ಅದಕ್ಕೆ. ಇಲ್ಲಿ ಕಾಲಲ್ಲಿರುವುದು ಚಪ್ಪಟೆ ಬಟ್ಟೆಯ ಶೂ. ಎಲ್ಲರ ಮುಂದೆಯೇ ಕೇಳಿದೆ.

"ಆ ಬೂಟು ಕೂದಲ ಮೇಲೆ ಜಾರುತ್ತೆ ಮೇಡಂ. ಅದು ಹೊರಗೆ ಹೋಗುವಾಗ ಮಾತ್ರ" ಎಂದರು, ಕೆಂಪಗಾಗಿ.

ಸಿಕ್ಕಿತಲ್ಲ! ಇಷ್ಟು ಸಣ್ಣ ವಿಷಯಕ್ಕೆ ಒಂದು ತಿಂಗಳಿನಿಂದ ನನ್ನ ತಲೆ ತಿಂದರು. ದಾರಿಯುದ್ದಕ್ಕೂ ಸೀಟಿ ಹೊಡೆಯುವುದೊಂದು ಬಾಕಿ.

ಸೆಪ್ಟೆಂಬರ್ 15, ಸೋಮವಾರ

ಚಪ್ಪಟೆ ಶೂಗೆ ತಕ್ಕಂತೆ ಪಾದದ ಓರೆ ಸರಿಮಾಡಿದೆ. ಅದೊಂದೇ ಮಾಡಿದ್ದು, ಯಜಮಾನರಿಗೆ ಕಾಣುವಂತೆಯೇ ಮಾಡಿದ್ದು. ಸುಣ್ಣದಣ್ಣನಿಗೆ ಕೇಳುವಂತೆ, "ರೇಡಿಯೋಗೆ ಕಣ್ಣಿದೆ" ಎಂದೆ.

ಸೆಪ್ಟೆಂಬರ್ 18, ಗುರುವಾರ

ಏನೂ ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಸಲೂನಕ್ಕ ಮಧ್ಯಾಹ್ನ ಬಂದರು. ಕಾಲನ್ನು ಬಟ್ಟೆಯಲ್ಲಿ ಒರೆಸಿ, ಶುಚಿಮಾಡಿ ತಂದಿದ್ದರು. ನನ್ನ ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಉತ್ತರ ಸಿದ್ಧವಿತ್ತು.

"ಉರಿ ಹೋಗಲಿಲ್ಲ. ಇದು ನಿಮ್ಮಲ್ಲೇ ಇರಲಿ ಮೇಡಂ. ಬೇರೆ ಯಾರಿಗಾದ್ರೂ ಆಗುತ್ತೇನೋ ನೋಡಿ. ನೀವು ತುಂಬಾ ಕಷ್ಟಪಟ್ರಿ."

ನಾನು ಬಾಯಿ ತೆರೆದೆ. ಬಟ್ಟಲು ಉಜ್ಜಿಯಾಗಿತ್ತು, ಮೆತ್ತೆ, ಪಟ್ಟಿ, ಓರೆ, ಎಲ್ಲ ಆಗಿತ್ತು. ಹೇಳಲು ಒಂದೂ ಉಳಿದಿರಲಿಲ್ಲ. ಹಾಗೇ ಕೂತುಬಿಟ್ಟೆ. ಅವರೂ ಎದುರಿಗಿನ ಸ್ಟೂಲಿನ ಮೇಲೆ ಕೂತರು, ದಣಿದಿದ್ದರು. ಆಮೇಲೆ ಅವರೇ ಶುರುಮಾಡಿದರು.

"ಕುರ್ಚಿ ಹೋದ್ರೆ ಹೋಗಲಿ ಅಂತ ಮನೇಲಿ ಹೇಳ್ತಾರೆ. ಅವರಿಗೇನು! ನಾನು ಮದುವೆಗೆ ಮುಂಚಿನಿಂದ ಕತ್ತರಿ ಹಿಡಿದವಳು. ಕಾಲು ಹೋದಾಗ ಕೂಡ ಆಸ್ಪತ್ರೇಲಿ ನರ್ಸುಗಳ ಕೂದಲು ಕತ್ತರಿಸ್ತಿದ್ದೆ, ಮಂಚದ ಮೇಲೆ ಕೂತ್ಕೊಂಡು. ಕಾಲು ಹೋದಾಗ ಇಷ್ಟು ಅಳು ಬಂದಿರಲಿಲ್ಲ. ಈ ಕಾಲಲ್ಲಿ ನಡೆಯೋಕೆ ತುಂಬಾ ಚೆನ್ನಾಗಿದೆ ಮೇಡಂ, ಸುಳ್ಳು ಹೇಳಲ್ಲ. ರಸ್ತೇಲಿ ಹೋಗ್ತಿದ್ರೆ ಹೊಸ ಹುಡುಗಿ ಥರ ಅನ್ಸುತ್ತೆ. ಆದ್ರೆ ನಾನು ಕೆಲಸದಲ್ಲಿ ಎಲ್ಲಿ ನಡೀತೀನಿ?"

ಊರುಗೋಲು ಹಿಡಿದು ಎದ್ದು ಹೊರಟರು. ಬಾಗಿಲವರೆಗೆ ಜೊತೆಗೆ ಹೋದೆ. ಕಾಲನ್ನು ಕಪಾಟಿನಲ್ಲಿ ಇಡಲು ಕೈ ಬರಲಿಲ್ಲ, ಮೇಜಿನ ಮೇಲೆಯೇ ಬಿಟ್ಟು ಮನೆಗೆ ಬಂದೆ. ಬಹಳ ಬೇಜಾರಾಗಿದೆ.

ಸೆಪ್ಟೆಂಬರ್ 19, ಶುಕ್ರವಾರ

ಕೆಲಸದಲ್ಲಿ ಎಲ್ಲಿ ನಡೀತೀನಿ ಎಂಬ ಆ ಮಾತು ಬೆಳಿಗ್ಗೆಯಿಂದ ಕಿವಿಯಲ್ಲೇ ಕೂತಿದೆ. ಕಂಬಿಗಳ ನಡುವೆ ಬಂದವರನ್ನೆಲ್ಲ ನಡೆಸುತ್ತೇವೆ. ಹೋಗಿ, ಬನ್ನಿ, ತಿರುಗಿ, ಇನ್ನೊಂದು ಸಲ. ನಿಂತು ಕೆಲಸ ಮಾಡುವವರನ್ನೂ ನಡೆಸುತ್ತೇವೆ, ಕೂತು ಹೊಲಿಯುವವರನ್ನೂ ನಡೆಸುತ್ತೇವೆ. ನಾನು ನೋಡಿ ಹಿಗ್ಗುತ್ತಿದ್ದದ್ದು ಸಲೂನಕ್ಕ ದಿನಕ್ಕೆ ಎರಡು ಸಲ, ಬಸ್ಸಿಗೆ ಹೋಗುವಾಗ ಬರುವಾಗ ಮಾಡುವ ಕೆಲಸವನ್ನ.

ಯಜಮಾನರ ಹತ್ತಿರ ಹೋಗಿ ನಾಳೆ ಅರ್ಧ ದಿನ ಸಲೂನಿನಲ್ಲಿ ಕೂರುತ್ತೇನೆ ಎಂದೆ. "ಏನು ಸರಿಮಾಡ್ತೀಯ ಅಲ್ಲಿ?" ಎಂದರು. ಗೊತ್ತಿಲ್ಲ ಸರ್ ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, "ಹೋಗಿ ಬಾ" ಎಂದರು. ಗೊತ್ತಿಲ್ಲ ಎಂದಿದ್ದಕ್ಕೆ ರಜ ಕೊಡುವ ಯಜಮಾನರನ್ನು ಇದೇ ಮೊದಲು ನೋಡಿದ್ದು.

ಸಾಯಂಕಾಲ ಸಲೂನಕ್ಕನ ಮನೆಗೆ ಫೋನ್ ಮಾಡಿದೆ. ಇನ್ನೊಂದೇ ಒಂದು ಬೆಳಿಗ್ಗೆ ಆ ಕಾಲು ಹಾಕಿಕೊಳ್ಳಿ, ನಾನು ಏನನ್ನೂ ಮುಟ್ಟುವುದಿಲ್ಲ, ನೋಡುತ್ತೇನಷ್ಟೆ ಎಂದು ಕೇಳಿಕೊಂಡೆ.

"ಬೇಗ ಬನ್ನಿ. ಶನಿವಾರ ಮಕ್ಕಳು ಜಾಸ್ತಿ. ಮಕ್ಕಳು ಬಂದ ದಿನವೇ ನನಗೆ ಹೆಚ್ಚು ಉರಿಯೋದು" ಎಂದರು.

ಮಕ್ಕಳು ಬಂದರೆ ಯಾಕೆ? ಕೇಳಿಲ್ಲ, ನಾಳೆ ನೋಡುತ್ತೇನೆ.

ಸೆಪ್ಟೆಂಬರ್ 20, ಶನಿವಾರ

ಎಲ್ಲವನ್ನೂ ಬರೆದಿಡಬೇಕು.

ಕಾಲನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿ ತೆರೆಯುವ ಹೊತ್ತಿಗೇ ಹೋಗಿ, ಅವರಿಗೆ ಕೊಟ್ಟು ಬೆಂಚಿನ ತುದಿ ಹಿಡಿದೆ. ಗಿರಾಕಿಗಳ ಮುಂದೆ ಉರಿ ಉರಿ ಎನ್ನಲು ಸಲೂನಕ್ಕನಿಗೆ ಸಂಕೋಚ, ಓನರ್ ಬೇರೆ ಗಲ್ಲಾದ ಹಿಂದೆ ಕೂತಿರುತ್ತಾರೆ. ಅದಕ್ಕೆ ಒಂದು ಉಪಾಯ ಅವರೇ ಹೇಳಿದರು. ಉರಿ ಬಂದಾಗ ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಕಚಕಚ ಅನ್ನಿಸುತ್ತೇನೆ, ನೀವು ಗಮನಿಸಿ ಎಂದು.

ಮೊದಲು ಒಬ್ಬ ಮುದುಕರು. ಕತ್ತರಿ ಸುಮ್ಮನಿತ್ತು. ಆಮೇಲೆ ಒಬ್ಬಳು ಕಾಲೇಜು ಹುಡುಗಿ, ತುದಿ ಮಾತ್ರ ಕತ್ತರಿಸಿ ಎಂದು ಹೇಳಿ ಅರ್ಧ ಗಂಟೆ ಬೆವರಿಳಿಸಿದಳು. ಆಗಲೂ ಇಲ್ಲ. ಸುತ್ತ ತಿರುಗುವುದರಿಂದ ಇರಬೇಕು ಎಂದು ನನ್ನ ತಲೆ ಆಗಲೇ ಓಡುತ್ತಿತ್ತು, ಎದ್ದು ಹೇಳಿಬಿಡೋಣ ಎನಿಸಿತು. ಬೆಂಚಿನ ಅಂಚು ಹಿಡಿದುಕೊಂಡು ಕೂತೆ.

ಆಮೇಲೆ ಒಂದು ಪುಟ್ಟ ಹುಡುಗಿ ಬಂದಳು, ಹಿಂದೆ ಅವಳ ತಮ್ಮ, ಅವನ ಹಿಂದೆ ಇನ್ನೊಂದು ಮನೆಯ ಮಕ್ಕಳು. ಮಕ್ಕಳ ತಲೆ ಕೈಗೆ ಸಿಗಬೇಕಾದರೆ ಕುರ್ಚಿ ತುಂಬ ಮೇಲೆ ಬರಬೇಕು. ಸಲೂನಕ್ಕ ಪೆಡಲ್ ಒತ್ತತೊಡಗಿದರು. ಒತ್ತಿದರು, ಒತ್ತಿದರು, ಒತ್ತಿದರು. ಕುರ್ಚಿ ನಿಂತ ಕೂಡಲೇ ಕಚಕಚ. ಎರಡನೇ ಮಗು, ಪೆಡಲ್, ಕಚಕಚ. ಪ್ರತಿ ಸಲವೂ ಹಾಗೇ.

ಆಗ ಕಣ್ಣಿಗೆ ಬಿತ್ತು. ಪೆಡಲ್ ಇರುವುದು ಅವರ ಬಲಕ್ಕೆ. ಅವರು ಒತ್ತುತ್ತಿದ್ದದ್ದು ಎಡಗಾಲನ್ನು ಅಡ್ಡ ತಂದು. ಅಷ್ಟು ಹೊತ್ತೂ ಇಡೀ ಮೈ ಭಾರ ಕೃತಕ ಕಾಲಿನ ಮೇಲೆ, ಅದೂ ಸೊಂಟ ತಿರುಚಿಕೊಂಡು. ಬಟ್ಟಲು ಎಷ್ಟೇ ನುಣ್ಣಗಿರಲಿ, ಹಾಗೆ ತಿರುಚಿದರೆ ಯಾವ ಚರ್ಮ ಉಳಿದೀತು?

ಮಕ್ಕಳೆಲ್ಲ ಹೋದ ಮೇಲೆ ಚಹಾ ತರಿಸಿದರು. ಕೇಳಿದೆ, "ಪೆಡಲ್ ಎಡಗಾಲಲ್ಲಿ ಯಾಕೆ ಒತ್ತುತ್ತೀರಿ?" ಕೇಳಿದ್ದೇ ತಡ, ಇದಕ್ಕಿರಬೇಕು, ಅದಕ್ಕಿರಬೇಕು ಎಂದು ನಾಲ್ಕು ಕಾರಣ ನಾಲಿಗೆ ತುದಿಗೆ ಬಂದವು. ಬಿಸಿ ಚಹಾ ಗುಟುಕರಿಸಿ ಬಾಯಿ ಸುಟ್ಟುಕೊಂಡೆ, ಹಾಗಾಗಿ ಸುಮ್ಮನಾದೆ.

"ಹಳೇ ಕಾಲಿದ್ದಾಗ ಬಲಗಾಲಲ್ಲೇ ಒತ್ತುತ್ತಿದ್ದೆ. ಅದರ ಪಾದ ಗಟ್ಟಿ, ಹಲಗೆ ಥರ. ಇಟ್ಟು ಒತ್ತಿದ್ರೆ ಪೆಡಲ್ ಕೆಳಗೆ ಹೋಗ್ತಿತ್ತು. ಇದು ತುಂಬಾ ಮೆದು. ಒತ್ತಿದ್ರೆ ಬೆರಳ ಕಡೆ ಇದೇ ಬಗ್ಗುತ್ತೆ, ಪೆಡಲ್ ಜಗ್ಗಲ್ಲ. ಅದಕ್ಕೆ ಬಲಗಾಲು ಬಿಟ್ಟು ಎಡಗಾಲು ಹಿಡಿದೆ."

ನಾನು ಆರಿಸಿದ ಪಾದ. ಸ್ಪ್ರಿಂಗಿನ ಪಾದ. ಉರಿಯುತ್ತಿದ್ದ ಜಾಗವನ್ನೇ ಉಜ್ಜುತ್ತ ಕೂತಿದ್ದೆ, ಉರಿ ಹಚ್ಚುತ್ತಿದ್ದದ್ದು ಒಂದು ಗೇಣು ಕೆಳಗೆ.

"ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದೆ.

"ಹೇಳೋಕೆ ಬಂದಿದ್ದೆ" ಎಂದರು. ಚುಚ್ಚಿ ಹೇಳಿದ್ದಲ್ಲ, ಬಸ್ಸು ತಪ್ಪಿತು ಎನ್ನುವ ಹಾಗೆ ಹೇಳಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕನ್ನಡಿ ತುಂಬ ನನ್ನದೇ ಮುಖ.

ಸೆಪ್ಟೆಂಬರ್ 22, ಸೋಮವಾರ

ಪಾದ ಮಾತ್ರ ಬದಲಿಸಿದೆ, ಬೇರೇನನ್ನೂ ಮುಟ್ಟಲಿಲ್ಲ. ಗಟ್ಟಿ ಪಾದಗಳು ಈಗ ಯಾರೂ ಕೇಳುವುದಿಲ್ಲವೆಂದು ಕಪಾಟಿನ ಹಿಂದಿನ ಸಾಲಿನಲ್ಲಿ ದೂಳು ತಿನ್ನುತ್ತಿದ್ದವು. ಪೆಡಲ್ ಒತ್ತುವ ಪರೀಕ್ಷೆ ನಮ್ಮಲ್ಲಿ ಹೇಗೆ ಮಾಡುವುದು? ಸುಣ್ಣದಣ್ಣ ತಮ್ಮ ಗಾಡಿಯಿಂದ ಚಕ್ರಕ್ಕೆ ಗಾಳಿ ಹಾಕುವ, ಕಾಲಲ್ಲಿ ಒತ್ತುವ ಪಂಪು ತಂದು ಕಂಬಿಗಳ ನಡುವೆ ಇಟ್ಟರು. ಸಲೂನಕ್ಕ ಬಲಗಾಲಿಟ್ಟು ಒತ್ತಿದರು. ಗಾಳಿ ಬುಸ್ಸೆಂದು ಸುಣ್ಣದಣ್ಣನ ಮುಖಕ್ಕೇ ಹೊಡೆದು, ರೆಪ್ಪೆಯ ಮೇಲಿನ ಪ್ಲಾಸ್ಟರ್ ಪುಡಿಯೆಲ್ಲ ಹಾರಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಸಲೂನಕ್ಕ ಕಂಬಿ ಹಿಡಿದುಕೊಂಡು ನಕ್ಕರು.

ಆಮೇಲೆ ನಡೆಸಿದೆ. ಕುಂಟು. ಜೋರಾಗಿಲ್ಲ, ಆದರೆ ಇದೆ. ಅಷ್ಟು ಚೆಂದದ ನಡಿಗೆ ಹೋಯಿತು. ಎರಡೂ ಬರುವ ಹಾಗೆ ಮಾಡಲು ನನಗೆ ತಿಳಿದ ದಾರಿಯಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಯಾವುದು ಬೇಕು ಎಂದು ಅವರನ್ನೇ ಕೇಳಿದೆ.

ಅವರು ಕಂಬಿಗಳ ನಡುವೆ ಇನ್ನೊಂದು ಸಲ ನಡೆದು ನೋಡಿದರು. ತುಸು ಹೊತ್ತು ಕಿಟಕಿಯಾಚೆ ನೋಡಿದರು. ಆಸೆಯಿತ್ತು ಅವರಿಗೆ, ನನಗೆ ಕಾಣುತ್ತಿತ್ತು.

"ಹೊಸ ಹುಡುಗಿ ಆಗಿದ್ದು ಸಾಕು. ಬಸ್ಸಿನಿಂದ ಅಂಗಡಿಗೆ ನಾಲ್ಕು ಹೆಜ್ಜೆ, ಕುಂಟಿದ್ರೆ ಕುಂಟ್ತೀನಿ. ನನಗೆ ನಿಲ್ಲಬೇಕು ಕಣಮ್ಮಾ" ಎಂದರು.

ಮೇಡಂ ಎನ್ನುವುದನ್ನು ಮರೆತರು ಪಾಪ. ಯಜಮಾನರು ಬಾಗಿಲಲ್ಲಿ ನಿಂತು ನೋಡಿ ಹೋದರು.

ಸೆಪ್ಟೆಂಬರ್ 25, ಗುರುವಾರ

ಸಲೂನಕ್ಕನ ಸುದ್ದಿಯಿಲ್ಲ. ಬಾಗಿಲ ಸದ್ದಾದಾಗಲೆಲ್ಲ ಊರುಗೋಲು ಕಾಣುತ್ತದೇನೋ ಎಂದು ಕತ್ತೆತ್ತುತ್ತೇನೆ. ಹೋಗಿ ನೋಡೋಣವೆಂದರೆ ಓನರ್ ಕಣ್ಣಿಗೆ ಬಿದ್ದು ಅವರಿಗೇ ತೊಂದರೆಯಾದೀತು ಎಂದು ಭಯ.

ಬಚ್ಚಲ ಬಾಗಿಲು ಇವತ್ತೂ ತೆಗೆಯಲಾಗಲಿಲ್ಲವಂತೆ. ಎಣ್ಣೆ ಕುಡಿಸಿ, ಅಂಚು ಕೆತ್ತಿದ ಮೇಲೂ ಅದಕ್ಕೇನು ಧಾಡಿ? ಅತ್ತೆ, ನೀವು ತೆಗೆಯಿರಿ ನೋಡೋಣ ಎಂದು ಪಕ್ಕದಲ್ಲಿ ನಿಂತೆ. ಗುಂಡಗಿನ ಹಿಡಿಯನ್ನು ತಿರುಗಿಸಲು ಹೋಗಿ ಎರಡೂ ಕೈ ಹಾಕಿದರು, ಮುಖ ಕಿವುಚಿದರು. ಬಾಗಿಲಿಗೆ ಏನೂ ಆಗಿಲ್ಲ, ಅವರ ಮಣಿಕಟ್ಟು ತಿರುಗುತ್ತಿಲ್ಲ. ಬೇಸಿಗೆಯಿಂದ ಹೀಗಂತೆ. ಡಬ್ಬಿ ಮುಚ್ಚಳ, ನಲ್ಲಿ, ಹಿಂಡುವ ಬಟ್ಟೆ, ಯಾವುದೂ ಆಗುತ್ತಿಲ್ಲವಂತೆ. ಸೊಸೆಗೆ ಹೊರಗಿನ ಕೈಕಾಲುಗಳದ್ದೇ ಸಾಕಷ್ಟಿದೆ ಎಂದು ಸುಮ್ಮನಿದ್ದರಂತೆ. ಹೇಳುವಾಗ ದನಿ ಸಣ್ಣಗಾಯಿತು. ನನಗೆ ಅಳು ಬಂತು, ಅವರಿಗೂ ಬಂತು. ಇವರು ಪೇಪರ್ ಕೆಳಗಿಟ್ಟು ಇಬ್ಬರನ್ನೂ ನೋಡಿದರು.

ಗುಂಡು ಹಿಡಿ ಕಿತ್ತು ಉದ್ದನೆಯ ಹಿಡಿ ಹಾಕಿದ್ದೇನೆ, ಮೊಣಕೈಯಲ್ಲಿ ಒತ್ತಿದರೂ ತೆರೆಯುತ್ತದೆ. ಸೋಮವಾರ ಇವರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಅತ್ತೆ ಊಟದ ನಂತರವೂ ಮಾತು ನಿಲ್ಲಿಸಲಿಲ್ಲ. ಚಿಕ್ಕಂದಿನಲ್ಲಿ ಈಜುತ್ತಿದ್ದರಂತೆ! ಯಾವತ್ತೂ ಹೇಳಿರಲಿಲ್ಲ.

ಸೆಪ್ಟೆಂಬರ್ 27, ಶನಿವಾರ

ಇವತ್ತು ಮಕ್ಕಳ ದಿನ. ಅಲ್ಲಿ ಎಷ್ಟು ಸಲ ಪೆಡಲ್ ಒತ್ತಿರಬಹುದು ಎಂದು ಇಡೀ ದಿನ ಮನಸ್ಸು ಅಲ್ಲೇ.

ಸೆಪ್ಟೆಂಬರ್ 30, ಮಂಗಳವಾರ

ಈಚೆಗೆ ಎಲ್ಲರಿಗೂ ಏನಾಗಿದೆಯೋ ಕಾಣೆ, ಸಿಕ್ಕಾಪಟ್ಟೆ ಮಾತಾಡುತ್ತಾರೆ. ಬೆಳಿಗ್ಗೆ ಚರ್ಮದ ಪಟ್ಟಿ ಹೊಲಿಯುವಾತ ತನ್ನ ಅಣ್ಣನ ಜಗಳವನ್ನೆಲ್ಲ ಹೇಳಿದ. ಪಟ್ಟಿ ಅಳತೆಗೆ ಬಂದ ಅಜ್ಜ ತಾನು ಏಣಿ ಹತ್ತುವುದನ್ನು ಇನ್ನೂ ಬಿಟ್ಟಿಲ್ಲವೆಂದು ಗುಟ್ಟು ಬಿಟ್ಟುಕೊಟ್ಟರು, ಮಗಳಿಗೆ ಹೇಳಬಾರದಂತೆ. ಹೀಗಾದರೆ ನಾನು ಕೆಲಸ ಮಾಡುವುದು ಯಾವಾಗ? ಯಜಮಾನರು ಬಂದು, "ಗುರುವಾರ ಒಬ್ಬರು ಬರ್ತಾರೆ, ಎರಡು ಕಡೆ ಮಾಡಿಸಿದ್ರೂ ಸರಿಹೋಗಿಲ್ಲವಂತೆ. ಮುಂದಿನ ಕೋಣೇಲಿ ನೀನೇ ನೋಡು" ಎಂದರು. ಸಲೂನಕ್ಕನ ಕಾಲು ಏನಾಯಿತೆಂದು ನನಗೇ ಗೊತ್ತಿಲ್ಲ ಸರ್ ಎಂದೆ. "ಹೋಗಿ ಕೇಳ್ಕೊಂಡು ಬಾ" ಎಂದರು.

ಕೆಲಸ ಮುಗಿಸಿ ಹೋದೆ. ಅಂಗಡಿ ಮುಚ್ಚುವ ಹೊತ್ತು, ಓನರ್ ಲೆಕ್ಕ ಹಾಕುತ್ತಿದ್ದರು. ಬಾಗಿಲಿನಿಂದಲೇ ಕೊನೆಯ ಕುರ್ಚಿ ನೋಡಿದೆ. ಸಲೂನಕ್ಕ ನಿಂತಿದ್ದರು. ಬೆಳಗಿನಿಂದ ಸಂಜೆಯವರೆಗೆ ನಿಂತವರು ನಿಲ್ಲುವ ಹಾಗೆ, ಸೊಂಟದ ಮೇಲೆ ಒಂದು ಕೈಯಿಟ್ಟು, ಸುಸ್ತಾಗಿ.

"ಕಾಲು?" ಎಂದೆ. ಅಷ್ಟೇ ಬಂತು ಬಾಯಿಂದ.

"ನೋವಿದೆ. ಎರಡೂ ಕಾಲು ನೋವಿದೆ!" ಎಂದು ನಕ್ಕರು. "ದಿನಪೂರ್ತಿ ನಿಂತ್ರೆ ಯಾರಿಗಿರಲ್ಲ? ಉರಿ ಇಲ್ಲ ಕಣಮ್ಮಾ. ಶನಿವಾರ ಒಂದು ಹಿಂಡು ಮಕ್ಕಳು, ಆಗಲೂ ಇಲ್ಲ. ಅಲ್ಲಿ ನೋಡು." ಗೋಡೆಯ ಹಲಗೆಯ ಮೇಲೆ ನಾಳೆಯ ಗಿರಾಕಿಗಳ ಸರದಿ ಬರೆದಿತ್ತು. ಕೊನೆಯ ಕುರ್ಚಿಯ ಎದುರಿಗೆ ಓನರ್ ಸಲೂನಕ್ಕನದ್ದೇ ಹೆಸರು ಬರೆದಿದ್ದರು, ಬೆಳಿಗ್ಗೆಯಿಂದ ಸಂಜೆವರೆಗೆ. ನನ್ನ ಕಾಲಿಗೇ ಬಲ ಬಂದಂತಾಯಿತು.

"ಕೂತ್ಕೋ" ಎಂದು ಕುರ್ಚಿ ಕೊಡವಿದರು. ಬೇಡವೆಂದರೂ ಬಿಡಲಿಲ್ಲ, ಕುತ್ತಿಗೆಗೆ ಬಟ್ಟೆ ಕಟ್ಟಿಬಿಟ್ಟರು. "ಹೇಗೆ ಕತ್ತರಿಸಲಿ?"

ಹಿಂದೆ ಇಷ್ಟು, ಕಿವಿಯ ಹತ್ತಿರ ಇಷ್ಟು ಎಂದು ನಾನು ಎಲ್ಲ ಕಡೆಯೂ ಹೇಳುವುದುಂಟು. ಇವತ್ತು ಹೇಳಬೇಕೆನಿಸಲಿಲ್ಲ. "ನಿಮಗೆ ಹೇಗೆ ಕಾಣುತ್ತೆ, ಹೇಳಿ" ಎಂದೆ. ಅವರು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು, ಏನೋ ನಿರ್ಧಾರ ಮಾಡಿದರು. ಆಮೇಲೆ ಬಲಗಾಲು ಎತ್ತಿ ಪೆಡಲಿನ ಮೇಲಿಟ್ಟರು. ನಾನು ಕನ್ನಡಿ ಬಿಟ್ಟು ಕೆಳಗೆ ಬಗ್ಗಿ ಆ ಪಾದವನ್ನೇ ನೋಡುತ್ತ ಕೂತೆ. ಒತ್ತಿದರು. ಪಾದ ಬಗ್ಗಲಿಲ್ಲ. ಕುರ್ಚಿ ನನ್ನನ್ನು ಹೊತ್ತು ಒಂದು ಚೂರು ಮೇಲೆ ಬಂತು.

"ಇನ್ನೊಂಚೂರು" ಎಂದರು. ನನಗೆ ಹೇಳಿದ್ದಲ್ಲ, ಕಾಲಿಗೆ. ಅದು ಮಾತು ಕೇಳಿತು, ನಾನು ಇನ್ನೊಂಚೂರು ಮೇಲೆ ಹೋದೆ.